ಕರಿಕೋಟು ತೊಟ್ಟು ಚುನಾವಣೆಗೆ ಹೊರಟವರಿಗೆ

ಪ್ರಿಯ ಕಿರಿಯ ಮಿತ್ರರೇ,

ದೊಡ್ಡಬಳ್ಳಾಪುರದ ಕೋರ್ಟಿನಲ್ಲಿ ವಕಾಲತ್ತು ಹಾಕುತ್ತಿರುವ, ಮುಂಬರುವ ಚುನಾವಣೆಯ ಮೇಲೂ ಒಂದು ಕಣ್ಣಿಟ್ಟಿರುವ ನಿಮಗೆಲ್ಲ ದೊಡ್ಡಬೆಳವಂಗಲದಿಂದ ನಮಸ್ಕಾರ. ನಿಮ್ಮಲ್ಲಿ ಕೆಲವರು ನನ್ನ ತರಗತಿಯಲ್ಲಿ ಕೂತು ಸಮಾಜ ವಿಜ್ಞಾನ ಕಲಿತವರು. ಆಗ ‘ಬಾರೋ, ಓದೋ’ ಎನ್ನುತ್ತಿದ್ದ ನಾನು ಈಗ ಬಹುವಚನಕ್ಕೆ ಬಂದಿದ್ದೇನೆ. ನೀವು ತೊಟ್ಟಿರುವ ಕೋಟಿಗೆ ಸಲ್ಲಬೇಕಾದ ಮರ್ಯಾದೆ ಅದು. ಉಳಿದವರ ಪರಿಚಯ ನನಗಿಲ್ಲ. ಆದರೆ ನಿಮ್ಮ ಮುಖಗಳೆಲ್ಲ ಗೊತ್ತು. ದಾಬಸ್‌ಪೇಟೆ ರಸ್ತೆಯುದ್ದಕ್ಕೂ ಫ್ಲೆಕ್ಸ್‌ಗಳಲ್ಲಿ ದಿನಾ ನೋಡುತ್ತೇನೆ.

ಫ್ಲೆಕ್ಸ್‌ನಿಂದಲೇ ಶುರು ಮಾಡುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಕರಿಕೋಟು, ಬಿಳಿ ಪಟ್ಟಿ, ಮುಗಿದ ಕೈ. ಮೇಲ್ಗಡೆ ದೊಡ್ಡ ನಾಯಕರ ದುಂಡನೆಯ ಚಿತ್ರಗಳು. ಕೆಳಗೆ ‘ಖ್ಯಾತ ವಕೀಲರು, ಯುವ ಮುಖಂಡರು, ಬಡವರ ಬಂಧು’. ಹಬ್ಬಕ್ಕೊಂದು, ಹುಟ್ಟುಹಬ್ಬಕ್ಕೊಂದು. ಭಾರತೀಯ ವಕೀಲರ ಪರಿಷತ್ತಿನ ನಿಯಮಾವಳಿಯಲ್ಲಿ 36ನೆಯ ನಿಯಮ ಏನು ಹೇಳುತ್ತದೆಂದು ನಾನು ನಿಮಗೆ ಹೇಳಬೇಕಾಗಿಲ್ಲ. ವಕೀಲನಾದವನು ತನ್ನ ಜಾಹೀರಾತು ಮಾಡಿಕೊಳ್ಳುವಂತಿಲ್ಲ. ಬಾಗಿಲ ಮೇಲಿನ ನಾಮಫಲಕ ಕೂಡ ಹದವಾದ ಅಳತೆಯಲ್ಲಿರಬೇಕು. ಅದರಲ್ಲಿ ಯಾವ ಸಂಘದ ಅಧ್ಯಕ್ಷ, ಯಾರ ಆಪ್ತ, ಯಾವ ಹೋರಾಟದ ಮುಂದಾಳು ಎಂದೆಲ್ಲ ಬರೆಸಬಾರದು. ಬಾಗಿಲಿನ ಹಲಗೆಗೇ ಇಷ್ಟು ಕಟ್ಟುಪಾಡಿರುವಾಗ ಹೆದ್ದಾರಿಯಲ್ಲಿ ಆಳೆತ್ತರದ ಫ್ಲೆಕ್ಸು ಯಾವ ಕಾನೂನಿನಡಿ ನಿಲ್ಲುತ್ತದೆ? ‘ಅದು ರಾಜಕೀಯದ ಫ್ಲೆಕ್ಸು ಸಾರ್, ವಕೀಲಿಕೆಯದ್ದಲ್ಲ’ ಎಂದು ನೀವು ವಾದ ಮಾಡಬಹುದು. ಹಾಗಾದರೆ ಕೋಟು ಕಳಚಿಟ್ಟು ಫೋಟೊ ತೆಗೆಸಿಕೊಳ್ಳಿ, ಅಷ್ಟೇ.

ವಕೀಲರು ರಾಜಕೀಯಕ್ಕೆ ಬರಬಾರದೆಂದು ಹೇಳಲು ಈ ಪತ್ರ ಬರೆಯುತ್ತಿಲ್ಲ. ಬರಬೇಕು ಎನ್ನುವವನು ನಾನು. ಯಾವ ದಾರಿಯಲ್ಲಿ ಬರುತ್ತೀರಿ ಎಂಬುದಷ್ಟೇ ನನ್ನ ತಕರಾರು. ಆ ದಾರಿಯನ್ನು ಈ ತಾಲ್ಲೂಕಿನಲ್ಲೇ ಒಬ್ಬರು ನಡೆದು ತೋರಿಸಿದ್ದಾರೆ, ಅವರ ವಿಷಯ ನಿಮಗೆ ನೆನಪು ಮಾಡಿಕೊಡಬೇಕಿದೆ.

ದೊಡ್ಡಬಳ್ಳಾಪುರದಲ್ಲಿ ಸಿದ್ದಲಿಂಗಯ್ಯ ವೃತ್ತವಿದೆ. ಪ್ರತಿಭಟನೆ ಮಾಡುವವರು, ಪ್ರತಿಕೃತಿ ಸುಡುವವರು ಅಲ್ಲಿ ಸೇರುತ್ತಾರೆ. ಯಾರು ಈ ಸಿದ್ದಲಿಂಗಯ್ಯ ಎಂದು ಹುಡುಗರನ್ನು ಕೇಳಿದರೆ ‘ಕವಿ ಸಿದ್ದಲಿಂಗಯ್ಯ’ ಎನ್ನುತ್ತಾರೆ. ಕವಿ ಮಾಗಡಿ ಕಡೆಯವರು, ದೊಡ್ಡವರು, ಅವರ ಮಾತು ಬೇರೆ. ಇವರು ಟಿ. ಸಿದ್ದಲಿಂಗಯ್ಯ. ನಿಮ್ಮ ಹಾಗೆಯೇ ವಕೀಲರು.

1938ರ ಏಪ್ರಿಲ್ ತಿಂಗಳು. ಮದ್ದೂರಿನ ಪಕ್ಕದ ಶಿವಪುರದಲ್ಲಿ ಮೈಸೂರು ಕಾಂಗ್ರೆಸ್ಸಿನ ಮೊದಲ ಅಧಿವೇಶನ. ಅದಕ್ಕೆ ಆರಿಸಿಬಂದ ಅಧ್ಯಕ್ಷರು ನಮ್ಮ ಸಿದ್ದಲಿಂಗಯ್ಯನವರು. ದಿವಾನ್ ಮಿರ್ಜಾ ಇಸ್ಮಾಯಿಲರ ಸರ್ಕಾರ ತ್ರಿವರ್ಣ ಧ್ವಜ ಹಾರಿಸಕೂಡದೆಂದು ನಿಷೇಧಾಜ್ಞೆ ಹೊರಡಿಸಿತ್ತು. ಏಪ್ರಿಲ್ 11ರಂದು ಆ ಆಜ್ಞೆಯನ್ನು ಮುರಿದು ಸಿದ್ದಲಿಂಗಯ್ಯನವರು ಬಂಧನಕ್ಕೊಳಗಾದರು. ಅವರ ಹಿಂದೆ ಎಂ.ಎನ್. ಜೋಯಿಸ್, ಅವರ ಹಿಂದೆ ಇನ್ನೊಬ್ಬರು, ಮತ್ತೊಬ್ಬರು. ರೈತರು ಸುತ್ತಲ ಹಳ್ಳಿಗಳಿಂದ ಎತ್ತಿನಗಾಡಿ ಕಟ್ಟಿಕೊಂಡು ಬಂದಿದ್ದರು. ಯಶೋಧರಾ ದಾಸಪ್ಪನವರಂಥ ಹೆಣ್ಣುಮಕ್ಕಳೂ ಆ ಚಳವಳಿಯಲ್ಲಿದ್ದರು. ಎರಡು ವಾರದೊಳಗೆ, ಏಪ್ರಿಲ್ 25ಕ್ಕೆ, ನಮ್ಮ ಹಿಂದೂಪುರ ರಸ್ತೆಯಲ್ಲೇ ಹೋದರೆ ಗೌರಿಬಿದನೂರು ದಾಟಿ ಸಿಗುವ ವಿದುರಾಶ್ವತ್ಥದಲ್ಲಿ ಅದೇ ಧ್ವಜಕ್ಕಾಗಿ ಸೇರಿದ್ದ ಜನರ ಮೇಲೆ ಗುಂಡು ಹಾರಿತು. ಸತ್ತವರ ಲೆಕ್ಕ ಸರ್ಕಾರದ ಕಡತದಲ್ಲಿ ಒಂದು, ಊರವರ ಬಾಯಲ್ಲಿ ಇನ್ನೊಂದು. ಕೊನೆಗೆ ಸರ್ದಾರ್ ಪಟೇಲರು ಬಂದು ಮಿರ್ಜಾ ಅವರೊಡನೆ ಮಾತಾಡಿ, ಸಂಸ್ಥಾನದ ಧ್ವಜದ ಜೊತೆಗೆ ಕಾಂಗ್ರೆಸ್ಸಿನ ಧ್ವಜವೂ ಹಾರಬಹುದೆಂದು ತೀರ್ಮಾನವಾಯಿತು.

ಇದನ್ನೆಲ್ಲ ಪಠ್ಯಪುಸ್ತಕದಲ್ಲಿ ಓದಿದ್ದೀರಿ, ನಾನೇ ಓದಿಸಿದ್ದೇನೆ. ಪರೀಕ್ಷೆಗೆ ಬೇಡವಾಗಿದ್ದ ಒಂದು ಸಂಗತಿ ಮಾತ್ರ ಆಗ ಹೇಳಲಿಲ್ಲ. ನಿಷೇಧಾಜ್ಞೆ ಮುರಿಯುವ ವಕೀಲನಿಗೆ ಜೈಲಿಗಿಂತ ದೊಡ್ಡ ಭಯ ಸನ್ನದಿನದು. ಜೈಲಿನಿಂದ ಕೆಲವು ತಿಂಗಳಲ್ಲಿ ಹೊರಬರಬಹುದು. ಸನ್ನದು ಹೋದರೆ ಮನೆಯ ಒಲೆ ಆರುತ್ತದೆ. ಮೈಸೂರಿನ ಹೆಸರಾಂತ ವಕೀಲರಾಗಿದ್ದ ಎಚ್.ಸಿ. ದಾಸಪ್ಪನವರ ಹೆಸರನ್ನು ವಕೀಲರ ಪಟ್ಟಿಯಿಂದಲೇ ಹೊಡೆದುಹಾಕಿದಾಗ ಗಾಂಧೀಜಿ ತಮ್ಮ ‘ಹರಿಜನ’ ಪತ್ರಿಕೆಯಲ್ಲಿ ಅದನ್ನು ಪ್ರಸ್ತಾಪಿಸಿದರು. ಗಾಂಧೀಜಿಯವರ ಹೆಸರನ್ನೂ ಲಂಡನ್ನಿನ ಇನ್ನರ್ ಟೆಂಪಲ್ 1922ರಲ್ಲಿ ತೆಗೆದುಹಾಕಿತ್ತು. ಮತ್ತೆ ಸೇರಿಸಿಕೊಂಡದ್ದು 1988ರಲ್ಲಿ, ಅವರು ಹೋಗಿ ನಾಲ್ಕು ದಶಕ ಕಳೆದ ಮೇಲೆ. ಅಂದಿನ ವಕೀಲರಿಗೆ ರಾಜಕೀಯವೆಂದರೆ ಇದ್ದ ಅನ್ನದ ತಟ್ಟೆಯನ್ನು ಪಣಕ್ಕಿಡುವ ಕೆಲಸವಾಗಿತ್ತು.

ಜೈಲು ಕಂಡ ಸಿದ್ದಲಿಂಗಯ್ಯನವರು ಮುಂದೆ ಎಲ್ಲಿಗೆ ಹೋದರು ಗೊತ್ತೆ? ದೆಹಲಿಗೆ. ಸಂವಿಧಾನ ರಚನಾ ಸಭೆಗೆ ಮೈಸೂರು ಸಂಸ್ಥಾನದಿಂದ ಹೋದ ಏಳು ಮಂದಿಯಲ್ಲಿ ಅವರೂ ಒಬ್ಬರು. ಕೆ.ಸಿ. ರೆಡ್ಡಿ, ಕೆಂಗಲ್ ಹನುಮಂತಯ್ಯ, ಎಚ್. ಸಿದ್ದವೀರಪ್ಪ, ಎಸ್.ವಿ. ಕೃಷ್ಣಮೂರ್ತಿ ರಾವ್, ಎಚ್.ಆರ್. ಗುರುವ ರೆಡ್ಡಿ, ಟಿ. ಚನ್ನಯ್ಯ ಉಳಿದ ಆರು ಜನ. ನೀವು ಕೋರ್ಟಿನಲ್ಲಿ 14ನೆಯ ವಿಧಿ, 21ನೆಯ ವಿಧಿ ಎಂದು ವಾದಿಸುತ್ತೀರಲ್ಲ, ಆ ಪುಸ್ತಕ ಸಿದ್ಧವಾಗುವ ಹೊತ್ತಿಗೆ ದೊಡ್ಡಬಳ್ಳಾಪುರದ ವಕೀಲರೊಬ್ಬರು ಆ ಸಭೆಯೊಳಗೆ ಕುಳಿತಿದ್ದರು. ಒಪ್ಪಿಗೆಯಷ್ಟೇ ಕೊಡಲು ಹೋದ ಗುಂಪೂ ಅದಲ್ಲ. ನಮಗೆ ಬೇಕಾಗಿದ್ದದ್ದು ವೀಣೆಯ, ಸಿತಾರಿನ ನಾದ, ಸಿಕ್ಕಿದ್ದು ಇಂಗ್ಲಿಷ್ ಬ್ಯಾಂಡಿನ ಸದ್ದು ಎಂದು ಅದೇ ಸಭೆಯಲ್ಲಿ ಮುಖ ನೋಡದೆ ಹೇಳಿದವರು ಕೆಂಗಲ್ಲರು. ಅವರೂ ವಕೀಲರೇ, ರಾಮನಗರದ ಹತ್ತಿರದ ಲಕ್ಕಪ್ಪನಹಳ್ಳಿಯವರು.

ಆ ಪೀಳಿಗೆಯನ್ನು ಹೊಗಳುತ್ತ ಕೂರುವುದು ಸುಲಭ. ಹೊಗಳಿಕೆಯ ಜೊತೆಗೆ ಒಂದು ಕಹಿಯನ್ನೂ ಹೇಳಬೇಕು, ಅದಕ್ಕೆ ನಾನೇ ಸಾಕ್ಷಿ.

1947ರಿಂದ 1971ರವರೆಗೆ ಮೈಸೂರಿನ ಮುಖ್ಯಮಂತ್ರಿಗಳ ಪಟ್ಟಿ ತೆಗೆದು ನೋಡಿ. ರೆಡ್ಡಿ, ಕೆಂಗಲ್, ಕಡಿದಾಳ್ ಮಂಜಪ್ಪ, ನಿಜಲಿಂಗಪ್ಪ, ಜತ್ತಿ, ಕಂಠಿ, ವೀರೇಂದ್ರ ಪಾಟೀಲ. ಎಲ್ಲರೂ ಕಾನೂನು ಓದಿದವರು. ಜತ್ತಿಯವರ ಸಮಿತಿಯ ವರದಿಯಿಂದ 1961ರಲ್ಲಿ ಭೂಸುಧಾರಣಾ ಕಾಯಿದೆ ಬಂತು. ಬಂತು ಎಂದಷ್ಟೇ ಹೇಳಬೇಕು, ನಮ್ಮ ಕಡೆಯ ಗೇಣಿದಾರರ ಹೊಲದ ಬದುವಿನವರೆಗೆ ಅದು ಬರಲಿಲ್ಲ. ಬಂದದ್ದು ದೇವರಾಜ ಅರಸರ 1974ರ ತಿದ್ದುಪಡಿಯಿಂದ. ಅರಸರು ವಕೀಲರಲ್ಲ, ವಿಜ್ಞಾನ ಓದಿ ಹೊಲಕ್ಕಿಳಿದವರು. ಅವರ ಕಾಯಿದೆ ತಾಲ್ಲೂಕಿಗೊಂದು ಭೂ ನ್ಯಾಯಮಂಡಳಿ ಮಾಡಿ, ಆ ಮಂಡಳಿಯ ಮುಂದೆ ವಕೀಲರು ಹಾಜರಾಗಕೂಡದೆಂದು 48ನೆಯ ಸೆಕ್ಷನ್ನಿನಲ್ಲೇ ಬರೆಯಿತು. ಯಾಕೆಂದು ಯೋಚಿಸಿ. ಒಡೆಯನ ಕಡೆ ಒಳ್ಳೆಯ ವಕೀಲ, ಗೇಣಿದಾರನ ಕಡೆ ಬರಿಗೈ. ವಾಯಿದೆಯ ಮೇಲೆ ವಾಯಿದೆ. ಇಪ್ಪತ್ತು ವರ್ಷಕ್ಕೂ ತೀರ್ಮಾನವಾಗದು. ಅದು ಸರ್ಕಾರಕ್ಕೂ ಗೊತ್ತಿತ್ತು, ಜನಕ್ಕೂ ಗೊತ್ತಿತ್ತು.

ನಮ್ಮಪ್ಪ ಗೇಣಿಗೆ ಮಾಡುತ್ತಿದ್ದ ಹೊಲಕ್ಕೆ ಡಿಕ್ಲರೇಷನ್ ಹಾಕಿದಾಗ ನಾನು ಪಡ್ಡೆಹುಡುಗ. ಏಳನೇ ನಂಬರ್ ಫಾರಂ ತುಂಬಿದ್ದು ನಾನೇ. ಮಂಡಳಿಯ ಮುಂದೆ ಅಪ್ಪ ನಿಂತರು. ಅಸಿಸ್ಟೆಂಟ್ ಕಮಿಷನರ್ ಸಾಹೇಬರು ಅಧ್ಯಕ್ಷರು, ಪಕ್ಕದಲ್ಲಿ ಸರ್ಕಾರ ನೇಮಿಸಿದ ನಾಲ್ಕು ಸದಸ್ಯರು. ಅಧಿಕಾರಿಗಳ ಮುಂದೆ ಬಾಯಿ ಬಿಟ್ಟವರೇ ಅಲ್ಲ ನಮ್ಮಪ್ಪ. ಅಂದು ಯಾವ ವರ್ಷ ಯಾವ ಬೆಳೆ ಇಟ್ಟೆ, ಎಷ್ಟು ಪಲ್ಲ ರಾಗಿ ಅಳೆದುಕೊಟ್ಟೆ, ಬಾವಿಗೆ ಕಲ್ಲು ಕಟ್ಟಿಸಿದವರು ಯಾರು ಎಂದು ಒಂದೇ ಸಮನೆ ಹೇಳಿದರು. ಪಕ್ಕದ ಹೊಲದವರು ‘ಹೌದು ಸ್ವಾಮಿ’ ಎಂದರು. ಹೊಲ ನಮ್ಮದಾಯಿತು. ವಕೀಲರಿಲ್ಲದೆಯೇ ನಮ್ಮ ಮನೆಗೆ ನ್ಯಾಯ ಸಿಕ್ಕಿತು ಎಂಬ ಮಾತು ನಿಮಗೆ ಮುಜುಗರ ತರಬಹುದು. ತರಲಿ. ಆ ನಿರ್ಬಂಧವನ್ನು ಮುಂದೆ ಸುಪ್ರೀಂ ಕೋರ್ಟು ಒಪ್ಪಲಿಲ್ಲ, ಅದೂ ಸರಿಯೇ. ಆದರೆ ಜನ ನಿಮ್ಮನ್ನು ಹೊರಗಿಡುವ ಕಾನೂನು ಕೇಳುವ ಸ್ಥಿತಿ ಒಮ್ಮೆ ಬಂದಿತ್ತು, ಮತ್ತೆ ಬರಬಹುದು. ಪಹಣಿ ಹಿಡಿದುಕೊಂಡು ನಾಡಕಚೇರಿಯ ಮುಂದೆ ನಿಂತಿರುವವರ ಮಾತು ಕೇಳಿದರೆ ಆಗಲೇ ಬಂದಿದೆಯೇನೋ ಅನಿಸುತ್ತದೆ.

ಹಾಗೆಂದು ವಕೀಲರೆಲ್ಲ ಒಂದೇ ಎನ್ನಲಾರೆ. ಅದೇ ಹೊಲದ ಗಡಿಗೆ ಮುಂದೊಂದು ದಾವೆ ಬಿತ್ತು. ದೊಡ್ಡಬಳ್ಳಾಪುರದ ಒಬ್ಬ ವಕೀಲರ ಹತ್ತಿರ ಹೋದೆವು. ದಾವೆಪತ್ರ ಬರೆದ ಮೇಲೆ ಅದನ್ನು ಅಪ್ಪನಿಗೆ ಸಾಲು ಸಾಲಾಗಿ ಓದಿ ಹೇಳಿದರು. ‘ಈ ಮಾತು ನೀವು ಹೇಳಿದ್ದೇನಾ? ನಾನು ಸೇರಿಸಿದ್ದಾ?’ ಎಂದು ನಡುನಡುವೆ ಕೇಳಿದರು. ಒಂದು ಕಡೆ ಅಪ್ಪ ‘ಇದು ಜಾಸ್ತಿಯಾಯ್ತು ಸ್ವಾಮಿ’ ಎಂದಾಗ ಆ ಸಾಲು ಹೊಡೆದುಹಾಕಿದರು. ಎದುರಾಳಿಯನ್ನೂ ಕೂರಿಸಿಕೊಂಡು ಮಾತಾಡಿ ರಾಜಿ ಮಾಡಿಸಿದರು, ಅದರಿಂದ ಅವರ ಫೀಜೂ ಕಮ್ಮಿಯಾಯಿತು. 1987ರಲ್ಲಿ ಮಂಡಲ ಪಂಚಾಯಿತಿಗೆ ಚುನಾವಣೆ ನಡೆದಾಗ ಅವರು ತಮ್ಮೂರಿನಲ್ಲಿ ನಿಂತರು. ಅವರ ಪರವಾಗಿ ಒಂದು ಭಿತ್ತಿಪತ್ರವನ್ನೂ ನಾನು ಕಾಣಲಿಲ್ಲ. ರಾಜಿಯಾದ ಕೇಸಿನ ಎರಡೂ ಕಡೆಯವರು ಅವರಿಗೆ ಓಟು ಹಾಕಿದರು.

ಈಗಿನ ಕಾಲ ಬೇರೆ ಎನ್ನುತ್ತೀರಿ. ನಿಜ. 2008ರಲ್ಲಿ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ತೆರೆದ ಮೇಲೆ ನಮ್ಮ ರಾಗಿ ಹೊಲಗಳಿಗೆ ಚದರಡಿಯ ಭಾಷೆ ಬಂತು. ನೀವು ವೃತ್ತಿಗೆ ಬಂದದ್ದೇ ಆ ಭಾಷೆಯ ನಡುವೆ. ಕೋರ್ಟಿನಲ್ಲಿ ದಿನವಿಡೀ ನಿಂತರೂ ಸಿಗದ ಹಣ ಒಂದು ಅಗ್ರಿಮೆಂಟಿಗೆ ಸಹಿ ಹಾಕಿಸಿದರೆ ಸಿಗುತ್ತದೆ. ಸೀನಿಯರ್ ಆಫೀಸಿನಲ್ಲಿ ಪೆಟ್ರೋಲಿಗೂ ಸಾಲದ ದುಡ್ಡಿನಲ್ಲಿ ವರ್ಷಗಟ್ಟಲೆ ದುಡಿಯುವ ಕಷ್ಟ ನನಗೆ ಗೊತ್ತಿಲ್ಲದ್ದೇನಲ್ಲ. ಕಿರಿಯರಿಗೆ ಹಳ್ಳಿಗಾಡಿನಲ್ಲಿ ತಿಂಗಳಿಗೆ 15,000, ಪಟ್ಟಣದಲ್ಲಿ 20,000 ರೂಪಾಯಿಯಾದರೂ ಕೊಡಬೇಕೆಂದು ವಕೀಲರ ಪರಿಷತ್ತು 2024ರಲ್ಲಿ ಸಲಹೆ ಮಾಡಿದೆ. ಅದು ಸಲಹೆಯಾಗಿಯೇ ಉಳಿಯದಿರಲಿ ಎಂದು ನಿಮ್ಮ ಜೊತೆ ನಾನೂ ಕೇಳುತ್ತೇನೆ.

ಆದರೆ ನಮ್ಮ ಸಂಬಂಧಿಕರೊಬ್ಬರ ಮನೆಯಲ್ಲಿ ನಡೆದದ್ದು ಕೇಳಿ. ಜಮೀನು ನೋಡಲು ಗಿರಾಕಿಯನ್ನು ಕರೆತಂದವರು ಒಬ್ಬ ವಕೀಲರು. ಕಾಗದ ಬರೆದವರೂ ಅವರೇ. ಮಾರುವವರಿಗೆ ಸಲಹೆ ಕೊಟ್ಟವರೂ, ಕೊಳ್ಳುವವರಿಂದ ಕಮಿಷನ್ ಪಡೆದವರೂ ಅವರೇ. ಅಗ್ರಿಮೆಂಟ್ ಅಂದುಕೊಂಡು ಹೆಬ್ಬೆಟ್ಟು ಒತ್ತಿದ್ದರಲ್ಲಿ ಒಂದು ಅಧಿಕಾರಪತ್ರ (ಜಿಪಿಎ) ಕೂಡ ಇತ್ತು ಎಂಬುದು ಆ ಅಜ್ಜಿಗೆ ತಿಳಿದದ್ದು ಆಮೇಲೆ. ಮುಂದೆ ಅದೇ ವಕೀಲರು ರೈತಪರ ಭಾಷಣ ಮಾಡುವುದನ್ನೂ ನೋಡಿದೆ. ವಕೀಲನು ಸ್ವತಃ ವ್ಯಾಪಾರ ನಡೆಸಕೂಡದೆನ್ನುವ ನಿಯಮ ನಿಮ್ಮಲ್ಲೇ ಇದೆ. ಗೆದ್ದ ಹಣದಲ್ಲಿ ಪಾಲು ಕೇಳಬಾರದೆನ್ನುವ ನಿಯಮವೂ ಇದೆ. ಭೂಸ್ವಾಧೀನದ ಪರಿಹಾರ ಕೈಗೆ ಬಂದಾಗ ಇಂತಿಷ್ಟು ಪರ್ಸೆಂಟು ಎಂದು ಮೊದಲೇ ಕರಾರು ಮಾಡಿಕೊಳ್ಳುವವರು ಆ ಪುಟವನ್ನು ಹರಿದು ಹಾಕಿದ್ದಾರೆಯೇ?

ಇನ್ನು ಹೆಣ್ಣುಮಕ್ಕಳ ವಿಷಯ. ನಮ್ಮ ರಾಜ್ಯದ ತಿದ್ದುಪಡಿಯಿಂದ 1994ರ ಜುಲೈ 30ರಿಂದಲೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದ ಪಾಲು ಬಂತು, ಅದಕ್ಕೆ ಮುಂಚೆ ಮದುವೆಯಾದವರನ್ನು ಬಿಟ್ಟು. ಆಗ ಮುಖ್ಯಮಂತ್ರಿಯಾಗಿದ್ದವರು ವೀರಪ್ಪ ಮೊಯಿಲಿ, ಅವರೂ ವಕೀಲರು, ಮುಂದೆ ಚಿಕ್ಕಬಳ್ಳಾಪುರ ಕ್ಷೇತ್ರದಿಂದ ನಮ್ಮದೇ ಸಂಸದರಾಗಿ ದೇಶದ ಕಾನೂನು ಮಂತ್ರಿಯಾದರು. 2005ರಲ್ಲಿ ದೇಶಕ್ಕೆಲ್ಲ ಆ ಹಕ್ಕು ಬಂತು. ಅಪ್ಪ ಬದುಕಿರಲಿ ಇಲ್ಲದಿರಲಿ ಮಗಳಿಗೆ ಪಾಲಿದೆ ಎಂದು 2020ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಇಷ್ಟೆಲ್ಲ ಆದ ಮೇಲೂ ನಮ್ಮ ಹೋಬಳಿಯಲ್ಲಿ ಹೆಣ್ಣುಮಕ್ಕಳನ್ನು ಹಬ್ಬಕ್ಕೆಂದು ಕರೆಸಿ, ಒಂದು ಸೀರೆ ಕುಪ್ಪಸ ಮಡಿಲಿಗಿಟ್ಟು, ಹಕ್ಕು ಖುಲಾಸೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ಆ ಪತ್ರ ಬರೆಯುವವರು ಯಾರು? ಓದಿ ಹೇಳಬೇಕಾದವರು ಯಾರು? ಅಕ್ಕತಂಗಿಯರಿಗೆ ಅದರ ಅರ್ಥ ತಿಳಿಸದೆ ಸಹಿ ಹಾಕಿಸಿದವರು ನಾಳೆ ‘ಮಹಿಳೆಯರ ಪರ’ ಎಂದು ಓಟು ಕೇಳಲು ಬಂದರೆ ಅವರ ಮುಖಕ್ಕೇ ಹೇಳುತ್ತೇನೆ, ಮೇಷ್ಟರ ಹಳೇ ದನಿಯಲ್ಲಿ.

ದಲಿತರಿಗೆ ಮಂಜೂರಾದ ಜಮೀನಿನ ಪರಭಾರೆ ನಿಷೇಧಿಸುವ 1978ರ ಪಿಟಿಸಿಎಲ್ ಕಾಯಿದೆಗೆ 2023ರಲ್ಲಿ ತಿದ್ದುಪಡಿಯಾಗಿ, ತಡವಾಯಿತೆಂಬ ಕಾರಣಕ್ಕೆ ಅರ್ಜಿ ತಳ್ಳಬಾರದೆಂದು ಬಂದಿದೆ. ಇದನ್ನು ನಮ್ಮ ಕಾಲೊನಿಗಳಲ್ಲಿ ಹೋಗಿ ಹೇಳಿದವರು ನಿಮ್ಮಲ್ಲಿ ಎಷ್ಟು ಮಂದಿ?

ಮಾತು ಕಟುವಾಯಿತು. ರಾಜಕೀಯದ ಏಣಿಯ ಬಗ್ಗೆ ಹೇಳಿ ಸಮಾಧಾನ ಮಾಡಿಕೊಳ್ಳುತ್ತೇನೆ. ನಿಮ್ಮಲ್ಲಿ ಬಹಳ ಜನಕ್ಕೆ ಆದರ್ಶ ಸಿದ್ದರಾಮಯ್ಯನವರು. ಪಕ್ಷ ಯಾವುದಾದರೂ ಇರಲಿ, ಹಳ್ಳಿಯ ಹುಡುಗ ಕಾನೂನು ಓದಿ ಮುಖ್ಯಮಂತ್ರಿಯಾದದ್ದು ಮೆಚ್ಚಬೇಕಾದ ಸಂಗತಿಯೇ. ಆದರೆ ಅವರ ದಾರಿಯನ್ನೂ ನೋಡಿ. ಮೈಸೂರಿನಲ್ಲಿ ಚಿಕ್ಕಬೋರಯ್ಯ ಎಂಬ ವಕೀಲರ ಕೈಕೆಳಗೆ ಕಿರಿಯರಾಗಿ ದುಡಿದರು, ಕಾನೂನು ಪಾಠ ಹೇಳಿದರು, ರೈತ ಚಳವಳಿಯ ಎಂ.ಡಿ. ನಂಜುಂಡಸ್ವಾಮಿಯವರ ಒಡನಾಟ ಕಂಡರು, 1978ರಲ್ಲಿ ತಾಲ್ಲೂಕು ಬೋರ್ಡಿಗೆ ಆರಿಸಿಬಂದರು. ವಿಧಾನಸಭೆ ಮೆಟ್ಟಿಲು ಹತ್ತಿದ್ದು 1983ರಲ್ಲಿ. ಅಂದರೆ ಮೊದಲು ತಾಲ್ಲೂಕು, ಆಮೇಲೆ ಉಳಿದದ್ದು. ನಿಮಗೆ ಆ ಮೊದಲ ಮೆಟ್ಟಿಲೇ ಇಲ್ಲದಂತಾಗಿದೆ. ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ಕ್ಷೇತ್ರ ವಿಂಗಡಣೆ, ಮೀಸಲಾತಿ ಎಂದು ಚುನಾವಣೆಯನ್ನು ವರ್ಷಗಟ್ಟಲೆ ಎಳೆದರು. ಐದು ವರ್ಷಕ್ಕೊಮ್ಮೆ ಚುನಾವಣೆ ನಡೆಸಬೇಕೆಂದು ಸಂವಿಧಾನವೇ ಹೇಳಿರುವಾಗ, ಕಾನೂನು ಬಲ್ಲ ನೀವು ಇದನ್ನು ಹೇಗೆ ಸಹಿಸುತ್ತೀರಿ? ನಾಯಕರ ಹುಟ್ಟುಹಬ್ಬಕ್ಕೆ ಫ್ಲೆಕ್ಸು ಕಟ್ಟುವ ಬದಲು ಇದರ ಮೇಲೊಂದು ಅರ್ಜಿ ಬರೆಯಬಾರದೆ?

ಹೊಲಗಳ ಹೋರಾಟದಲ್ಲೂ ನಿಮ್ಮ ಜಾಗ ಖಾಲಿಯಿದೆ. ದೇವನಹಳ್ಳಿಯ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ ರೈತರು 1,777 ಎಕರೆ ಉಳಿಸಿಕೊಳ್ಳಲು ಮೂರು ವರ್ಷಕ್ಕೂ ಮಿಕ್ಕಿ ಧರಣಿ ಕೂತರು. 2025ರ ಜುಲೈ 15ರಂದು ಸರ್ಕಾರ ಸ್ವಾಧೀನ ಕೈಬಿಟ್ಟಿತು. ಬೀದಿಯಲ್ಲಿ ಕೂತು ಗೆದ್ದರು ಎಂದು ನಾವೆಲ್ಲ ಸಂತೋಷಪಟ್ಟೆವು. ಆದರೆ ನಮ್ಮ ಕೊನಘಟ್ಟ, ನಾಗದೇನಹಳ್ಳಿ ಕಡೆಯ ರೈತರ ಭೂಸ್ವಾಧೀನ ಪರಿಹಾರದ ತಕರಾರು ಏನಾಯಿತು? ಅಧಿಸೂಚನೆ ಬಂದಾಗ ಆಕ್ಷೇಪಣೆ ಸಲ್ಲಿಸಲು ಎಷ್ಟು ದಿನ ಇರುತ್ತದೆಂದು ರೈತನಿಗೆ ತಿಳಿಯುವಷ್ಟರಲ್ಲಿ ಆ ದಿನ ಕಳೆದಿರುತ್ತದೆ. ನಂದಿಯಲ್ಲಿ ಹುಟ್ಟಿ ನಮ್ಮ ತಾಲ್ಲೂಕಿನ ಕೆರೆಗಳನ್ನು ತುಂಬಿಸುತ್ತ ಸಾಗಬೇಕಾದ ಅರ್ಕಾವತಿಗೆ ಊರಿನ ಚರಂಡಿ, ಕಾರ್ಖಾನೆಯ ಕೊಳೆ ಸೇರಿ ದೊಡ್ಡತುಮಕೂರು, ಮಜರಾಹೊಸಹಳ್ಳಿಯವರು ಶುದ್ಧ ನೀರಿಗಾಗಿ ಬೀದಿಗಿಳಿದಿದ್ದಾರೆ. ಅವರ ಮನವಿಗಳ ಜೊತೆಗೆ ನೀರಿನ ಪರೀಕ್ಷಾ ವರದಿ, ಹಳೆಯ ಆದೇಶಗಳು, ಮಾಲಿನ್ಯ ನಿಯಂತ್ರಣ ಕಾಯಿದೆಯ ಸೆಕ್ಷನ್ನು ಎಲ್ಲವನ್ನೂ ಜೋಡಿಸಿ ಹಸಿರು ನ್ಯಾಯಮಂಡಳಿಯವರೆಗೆ ಒಯ್ಯುವುದು ನಿಮ್ಮ ಕೈಯಲ್ಲಾಗುವ ಕೆಲಸ, ನಮ್ಮ ಕೈಯಲ್ಲಲ್ಲ.

ಹಾಗಾಗಿ ನನ್ನ ಕೋರಿಕೆಗಳನ್ನು ಇಲ್ಲಿಡುತ್ತೇನೆ. ವಾರಕ್ಕೊಂದು ದಿನ, ಕೋರ್ಟು ಮುಗಿದ ಮೇಲೆ, ನಿಮ್ಮಲ್ಲಿ ಸರದಿಯಂತೆ ಒಬ್ಬರು ದೊಡ್ಡಬೆಳವಂಗಲಕ್ಕೆ ಬನ್ನಿ. ಪೌತಿ ಖಾತೆ, ಪೋಡಿ, ಬಗರ್‌ಹುಕುಂ ಅರ್ಜಿ, ಬ್ಯಾಂಕಿನ ನೋಟಿಸು ಹಿಡಿದು ಬರುವವರಿಗೆ ಅದರಲ್ಲಿ ಏನಿದೆ ಎಂದು ಓದಿ ಹೇಳಿ. ಫೀಜು ಕೇಳಬೇಡಿ, ವಕಾಲತ್ತೂ ಹಾಕಿಸಿಕೊಳ್ಳಬೇಡಿ. ತಾಲ್ಲೂಕು ಕಾನೂನು ಸೇವಾ ಸಮಿತಿಯಿಂದ ಹೆಣ್ಣುಮಕ್ಕಳಿಗೆ, ಪರಿಶಿಷ್ಟರಿಗೆ ವರಮಾನದ ಮಿತಿಯೇ ಇಲ್ಲದೆ ಉಚಿತ ನೆರವು ಸಿಗುತ್ತದೆ ಎಂಬುದನ್ನು ಮೊದಲು ಹೇಳಿ. ಆ ಸಮಿತಿಯಿಂದ ಬಂದ ಕೇಸನ್ನು ಫೀಜು ಕೊಟ್ಟವರ ಕೇಸಿನಷ್ಟೇ ಮುತುವರ್ಜಿಯಿಂದ ನಡೆಸಿ. ದಾವೆಪತ್ರ ಕನ್ನಡದಲ್ಲಿ ಬರೆಯಿರಿ, ಸಹಿ ಹಾಕುವವರಿಗೆ ಓದಿ ಹೇಳಿ. ಜಮೀನಿನ ದಲ್ಲಾಳಿ ಕೆಲಸ ಬೇಕೆನಿಸಿದರೆ ಸನ್ನದನ್ನು ಪರಿಷತ್ತಿಗೆ ಒಪ್ಪಿಸಿ ಮಾಡಿ, ಅದೂ ಒಂದು ಉದ್ಯೋಗ, ಯಾರದ್ದೂ ಅಡ್ಡಿಯಿಲ್ಲ. ಶಾಸಕರಾದ ಮೇಲೂ ವಕೀಲಿಕೆ ನಡೆಸಬಹುದೆಂದು 2018ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ನೀವು ಗೆದ್ದರೆ ಸರ್ಕಾರದ ಎದುರು ನಿಂತ ಬಡವನ ಕೇಸಿಗೆ ಆ ಅವಕಾಶ ಬಳಸಿ.

ಇನ್ನೊಂದು ಸಣ್ಣ ಕೆಲಸ. ನಿಮ್ಮಲ್ಲಿ ಓದುವ ಹವ್ಯಾಸವಿರುವ ಇಬ್ಬರು ಮೂವರು ಸೇರಿ ಟಿ. ಸಿದ್ದಲಿಂಗಯ್ಯನವರ ದಾಖಲೆಗಳನ್ನು ಹುಡುಕಿ. ಪತ್ರಾಗಾರದಲ್ಲಿ, ಹಳೆಯ ಪತ್ರಿಕೆಗಳಲ್ಲಿ, ಸಂವಿಧಾನ ಸಭೆಯ ನಡಾವಳಿಯಲ್ಲಿ ಸಿಕ್ಕಿದ್ದನ್ನೆಲ್ಲ ಸೇರಿಸಿ, ನಮ್ಮ ಹೈಸ್ಕೂಲು ಮಕ್ಕಳು ಒಂದು ಸಂಜೆಯಲ್ಲಿ ಓದಿ ಮುಗಿಸುವಂಥ ಚಿಕ್ಕ ಪುಸ್ತಕ ಮಾಡಿ. ಅಚ್ಚಿನ ಖರ್ಚಿಗೆ ನನ್ನ ಪಿಂಚಣಿಯಿಂದ ಕೈಲಾದಷ್ಟು ಕೊಡುತ್ತೇನೆ.

ಓಟು ಕೇಳಲು ನೀವು ನಮ್ಮೂರಿಗೆ ಬಂದೇ ಬರುತ್ತೀರಿ. ಅದಕ್ಕೆ ಮೊದಲೇ ಒಂದು ಸಲ ಬನ್ನಿ ಎಂದು ಕೇಳಿಕೊಳ್ಳುತ್ತಿದ್ದೇನೆ. ಮೇಜು, ಕುರ್ಚಿ, ಕುಡಿಯುವ ನೀರು ನನ್ನ ಜವಾಬ್ದಾರಿ. ಬರುವ ದಿನವನ್ನು ವಕೀಲರ ಸಂಘದ ಮೂಲಕ ಮುಂಚಿತವಾಗಿ ತಿಳಿಸಿದರೆ ಹಳ್ಳಿಹಳ್ಳಿಗೆ ನಾನೇ ಹೇಳಿ ಕಳಿಸುತ್ತೇನೆ.

ಇಂತಿ ನಿಮ್ಮ ಹಿತೈಷಿ,
ಒಬ್ಬ ನಿವೃತ್ತ ಮೇಷ್ಟ್ರು
ದೊಡ್ಡಬೆಳವಂಗಲ, ದೊಡ್ಡಬಳ್ಳಾಪುರ ತಾಲ್ಲೂಕು